ಜರಡಿಗೆ ಕೊಟ್ಟ ಕಿವಿ

ನನ್ನ ನಾದಿನಿ ಜಲಜಳ ಕಿವಿ ಹಾಳಾದದ್ದು ನನ್ನಿಂದ. ವಯಸ್ಸಿನಿಂದಲ್ಲ, ಶೀತದಿಂದಲ್ಲ, ಅವಳ ಹಣೆಬರಹದಿಂದಂತೂ ಅಲ್ಲವೇ ಅಲ್ಲ — ನನ್ನ ಚೌಕಾಶಿಯಿಂದ. ಹಾ, ಹೇಳಿಬಿಟ್ಟೆ! ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಬಿತ್ತು. ಇನ್ನು ಪೂರ್ತಿ ಹೇಳದೆ ಬಿಡಲಾರೆ.

ಬಂಗಾಳದ ಖಿದಿರ್‌ಪುರದಲ್ಲಿ ನಮ್ಮದು ಸಾಂಬಾರು ಪುಡಿ, ಸಾರಿನ ಪುಡಿಯ ವ್ಯಾಪಾರ. ಉಡುಪಿಯಿಂದ ಮದುವೆಯಾಗಿ ಬಂದವಳು ನಾನು. ಮನೆಯ ಮಿಕ್ಸಿಯಲ್ಲಿ ಶುರುಮಾಡಿ, ಊರವರ ಹೋಟೆಲುಗಳಿಗೆ ಹೊತ್ತು ಹಾಕಿ, ಕೊನೆಗೊಮ್ಮೆ ಪುಡಿ ಮಾಡುವ ದೊಡ್ಡ ಮಿಷನ್ ಕೊಳ್ಳುವಷ್ಟು ಬೆಳೆದೆ. ಅವತ್ತು ಅಂಗಡಿಯಲ್ಲಿ ನನ್ನ ಉಮೇದು ನೋಡಬೇಕಿತ್ತು! ಬೆಲೆ ಇಳಿಸಿದೆ, ಸಾಗಾಟವನ್ನು ಅಂಗಡಿಯವನ ತಲೆಗೇ ಕಟ್ಟಿದೆ. ಕೊನೆಗೆ ಅವನು ಮಿಷನ್ನಿನ ಜೊತೆಗೇ ಬರುವ ಇಯರ್‌ಮಫ್ ತೆಗೆದಿಟ್ಟ — ತಲೆಯ ಮೇಲಿಂದ ಬಂದು ಎರಡೂ ಕಿವಿಯನ್ನು ದಪ್ಪಗೆ ಮುಚ್ಚುವಂಥದ್ದು. "ದೀದಿ, ಮಿಷನ್ ಹತ್ತಿರ ನಿಲ್ಲುವವರು ಇದನ್ನು ಹಾಕಲೇಬೇಕು" ಎಂದ.

"ಅದು ಬೇಡ. ಅದರ ಬದಲು ಇನ್ನೊಂದು ಜರಡಿ ಕೊಡಿ" ಎಂದೆ.

ಕೊಟ್ಟ. ಗೆದ್ದೆ ಎಂದುಕೊಂಡು ಬಂದೆ.

ಮಿಷನ್ನಿನ ಮುಂದೆ ನಿಂತವಳು ಜಲಜ. ಇಕ್ಕಟ್ಟಾದ ಕೋಣೆ, ತಗಡಿನ ಮಾಡು — ಒಣಮೆಣಸು ಸುರಿದೊಡನೆ ಗೋಡೆಗಳೇ ಕಿರುಚಿದ ಹಾಗೆ. ಮಿಷನ್ ಬಂದ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಅವಳು ಕೇಳಿದಳು: "ಅತ್ತಿಗೆ, ಇದ್ರಲ್ಲಿ ತಲೆಗೆ ಎಂತದೋ ಹಾಕಿದ್ದಾರಲ್ಲ, ನಮ್ಗೆ ಅದು ಇಲ್ವಾ?"

"ಅದು ಬರ್ಲಿಲ್ಲ ಮಾರಾಯ್ತಿ."

ಇಷ್ಟೇ. ಇಷ್ಟು ಸಲೀಸಾಗಿ. ಅವಳು ಹತ್ತಿ ತುರುಕಿಕೊಂಡು ಕೆಲಸಕ್ಕೆ ನಿಂತಳು.

ಜಲಜಳ ಬಂಗಾಳಿ ಬಹಳ ಚೆಂದ. ಫೋನಿನಲ್ಲಿ ಆರ್ಡರು ಹಿಡಿಯುತ್ತಿದ್ದವಳು ಅವಳೇ. ಗಿರಾಕಿಗಳು ಅವಳನ್ನೇ ಕೇಳುತ್ತಿದ್ದರು, ಆ ಕೆಲಸವೆಂದರೆ ಅವಳಿಗೆ ಪ್ರಾಣ. ಮೊದಮೊದಲು ಸಂಜೆಗೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದಳು, ಬೆಳಗಾಗುವಾಗ ಹೋಗುತ್ತಿತ್ತು. ಆಮೇಲೆ ಬೆಳಗಾದರೂ ಹೋಗಲಿಲ್ಲ. ಆರ್ಡರುಗಳು ತಪ್ಪತೊಡಗಿದವು. ಆಗ ನಾನು ಮಾಡಿದ್ದೇನು? "ನಿನ್ನ ಗಮನ ಎಲ್ಲುಂಟು?" ಎಂದು ಬೈದು ಫೋನು ಕಿತ್ತುಕೊಂಡೆ. ಇಡೀ ದಿನ ಮಿಷನ್ನಿನ ಹತ್ತಿರವೇ ನಿಲ್ಲಿಸಿದೆ — ಗೊತ್ತಿದ್ದೂ... ಪೊಟ್ಟಣ ಕಟ್ಟುವ ಇಬ್ಬರು ಬಂಗಾಳಿ ಹೆಂಗಸರು ಅವಳ ಬೆನ್ನ ಹಿಂದಿನಿಂದ ಕರೆದು, ಅವಳು ತಿರುಗದಿದ್ದಾಗ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಕಳೆದ ತಿಂಗಳು ಕಿವಿಯ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: ಸದ್ದಿನಿಂದಾಗಿ ಹೋದದ್ದು ಹಿಂದೆ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು. ಉಳಿಸಿಕೊಳ್ಳಬಹುದು! ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಸೀದಾ ಅಂಗಡಿಗೆ ಹೋಗಿ, ಜನ್ಮದಲ್ಲಿ ಮೊದಲ ಸಲ ಬೆಲೆ ಕೇಳದೆ ಎಲ್ಲರಿಗೂ ಇಯರ್‌ಮಫ್ ತಂದೆ. ಮಿಷನ್ ಹಿಂದಿನ ಕೋಣೆಗೆ ಹೋಯಿತು, ಅದರ ಅಡಿಗೆ ದಪ್ಪ ರಬ್ಬರು, ಬಾಗಿಲು ಸದಾ ಮುಚ್ಚಿ, ಒಬ್ಬರೇ ನಿಲ್ಲದೆ ಸರದಿಯಲ್ಲಿ ಕೆಲಸ. ಪೊಟ್ಟಣದ ಮೇಜಿನಲ್ಲಿ ಈಗ ಮೆಲ್ಲಗೆ ಮಾತಾಡಿದರೂ ಕೇಳುತ್ತದೆ!

ನೀವೂ ಮಾಡಿ. ಕೈಗೆಟಕುವಷ್ಟು ಹತ್ತಿರ ನಿಂತವರೊಡನೆ ಕೂಗಿಯೇ ಮಾತಾಡಬೇಕಾದರೆ ಆ ಸದ್ದು ಕಿವಿಯನ್ನು ತಿನ್ನುತ್ತಿದೆ ಎಂದು ತಿಳಿಯಿರಿ. ಹತ್ತಿ ಸಾಲದು. ಪೂಜೆಯ ಪೆಂಡಾಲಿನಲ್ಲಿ ಧ್ವನಿವರ್ಧಕದ ಬುಡದಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ. ಇಯರ್‌ಫೋನಿನ ಸದ್ದು ತಗ್ಗಿಸಿ, ಆಗಾಗ ತೆಗೆದಿಡಿ. ಮನೆಯಲ್ಲಿ —

ನೋಡಿ, ಸಲಹೆಗೆ ಜಾರಿದೆ. ತಪ್ಪು ಹೇಳುವುದಕ್ಕಿಂತ ಅದು ಎಷ್ಟು ಹಗುರ.

ನಿನ್ನೆ ಚಹಾದ ಹೊತ್ತಿಗೆ ಮಿಷನ್ ನಿಲ್ಲಿಸಿ, ಜಲಜಳ ಪಕ್ಕ ಕೂತು ಮೆಲ್ಲಗೆ ಹೇಳಿದೆ.

"ಎಂತ ಅತ್ತಿಗೆ? ಕೇಳ್ಲಿಲ್ಲ."

ಸ್ವಲ್ಪ ಏರಿಸಿ ಹೇಳಿದೆ. ಅವಳು ಕಿವಿಯನ್ನು ಹತ್ತಿರ ತಂದಳು. ಇಂಥ ಮಾತನ್ನು ಪಿಸುಗುಟ್ಟಿ ಮುಗಿಸುವ ಹಾಗೆ ಅವಳ ಕಿವಿಯನ್ನು ನಾನೇ ಇಟ್ಟಿರಲಿಲ್ಲವಲ್ಲ — ಕೂಗಿದೆ: "ಆ ಇಯರ್‌ಮಫ್ ಬಂದಿತ್ತು ಜಲಜ! ನಾನೇ ಬೇಡ ಅಂದದ್ದು! ನಿನ್ಗೆ ಸುಳ್ಳು ಹೇಳಿದ್ದು!"

ಪೊಟ್ಟಣದ ಹೆಂಗಸರು ತಿರುಗಿ ನೋಡಿದರು. ಅವರಿಗೆ ಕನ್ನಡ ಬಾರದು — ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ — ಆ ಕ್ಷಣ ನನಗೊಂದು ಸಮಾಧಾನವಾಯಿತು. ಜಲಜ ಅದನ್ನು ನನ್ನ ಮುಖದಲ್ಲಿ ಕಂಡಳೋ ಏನೋ. ಚಹಾದ ಲೋಟ ಕೆಳಗಿಟ್ಟಳು.

"ಬಂಗಾಳಿಯಲ್ಲಿ ಹೇಳಿ. ಅವ್ರಿಗೂ ಕಿವಿ ಉಂಟಲ್ಲ, ಅವ್ರೂ ಇಲ್ಲೇ ಇದ್ದದ್ದು. ನಾನು ಸುಮ್ನೆ ಕೆಪ್ಪಿ ಆದದ್ದು ಅಂತ ನಗ್ತಿದ್ರು."

ನನ್ನದು ಚೌಕಾಶಿಯ ಬಂಗಾಳಿ. ಇಳಿಸಿ, ಸೇರಿಸಿ, ಇದೇ ಕೊನೆ — ಇವೆಲ್ಲ ಬಾಯಿಗೆ ಬರುತ್ತವೆ. ತಪ್ಪು ನನ್ನದು ಎನ್ನುವ ಸಂದರ್ಭವನ್ನು ನಾನು ಆ ಭಾಷೆಯಲ್ಲಿ ಎಂದೂ ಬರಗೊಟ್ಟಿರಲಿಲ್ಲ. ತಡವರಿಸಿ, ಪದ ಹುಡುಕಿ, ಹೆಂಗಸರ ಮುಖ ನೋಡಿಕೊಂಡೇ ಹೇಳಿ ಮುಗಿಸಿದೆ. ಜಲಜ ನನ್ನ ತುಟಿಗಳನ್ನೇ ನೋಡುತ್ತಿದ್ದಳು.

"ಸುಳ್ಳು ಹೇಳಿದ್ದನ್ನು ಬಿಟ್ರಿ" ಎಂದಳು.

ಅದನ್ನೂ ಹೇಳಿದೆ.