ಬೀಗದಮ್ಮ ಕೊಡದ ಚಿತ್ರ

ಆಕೆಗೆ ಬಿದ್ದ ಹೆಸರು ಬೀಗದಮ್ಮ. ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡುವ ಡಾಕ್ಟರೊಬ್ಬರ ಮುಂಗೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಕೂತಿದ್ದಾರೆ. ಅಲ್ಲಿಗೆ ಬರುವವರು ಹೆಚ್ಚಾಗಿ ಕೌಟುಂಬಿಕ ನ್ಯಾಯಾಲಯದಲ್ಲಿ ಕಿತ್ತಾಡುವವರ ಮಕ್ಕಳು. ಮೊದಲ ದಿನವೇ ಅಪ್ಪ ಅಮ್ಮ ಇಬ್ಬರಿಂದಲೂ ಆಕೆ ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿರುವುದು ಎರಡೇ ನಿಯಮ. ಮಗು ಇಲ್ಲಿ ಹೇಳಿದ್ದು, ಬರೆದದ್ದು ಇಬ್ಬರಿಗೂ ಸಿಗುವುದಿಲ್ಲ. ಒಬ್ಬರು ಇಲ್ಲಿ ಬರೆದುಕೊಟ್ಟ ಕಾಗದದ ಪ್ರತಿ ಇನ್ನೊಬ್ಬರಿಗೂ ಹೋಗುತ್ತದೆ.

ಇದನ್ನು ಕಲ್ಲೆದೆ ಎನ್ನುವ ದೊಡ್ಡ ಮನುಷ್ಯರಿದ್ದಾರೆ. ಅವರು ಕೇಳಲಿ. ಒಮ್ಮೆ ಆ ಎದೆಯೂ ಕರಗಿತ್ತು. ಅಳುತ್ತ ನಿಂತ ತಾಯಿಯೊಬ್ಬಳಿಗೆ ಆಕೆ, ಅವಳ ಮಗ ಬರೆದಿದ್ದ ಚಿತ್ರ ಕೊಟ್ಟರು. ವಾರದೊಳಗೆ ಅದು ವಕೀಲರ ಫೈಲು ಸೇರಿತು. ಆ ಹುಡುಗ ಮತ್ತೆ ಪೆನ್ಸಿಲ್ ಮುಟ್ಟಲಿಲ್ಲ, ಡಾಕ್ಟರ ಮುಂದೆ ತುಟಿ ಬಿಚ್ಚಲೂ ಇಲ್ಲ. ಮಕ್ಕಳು ಬರೆದದ್ದನ್ನು ಇಡುವ ಬೀರುವಿಗೆ ಬೀಗ ಬಂದದ್ದು ಆಮೇಲೆ.

ಮೊನ್ನೆ ಸಂಜೆ ಒಬ್ಬ ತಂದೆ ಆಕೆಯ ಮೇಜಿಗೆ ಎರಡೂ ಕೈ ಊರಿ ನಿಂತ. ಮರುದಿನ ವಿಚಾರಣೆ. ಏಳು ವರ್ಷದ ಮಗಳು ಬೆಂಚಿನಿಂದ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

"ಮನೆ ಚಿತ್ರ ಬರ್ದಿದಾಳಂತೆ. ಅದ್ರಲ್ಲಿ ಅವಳಮ್ಮ ಇಲ್ವಂತೆ. ಕೊಡಿ."

"ಆಗಲ್ಲ ಸಾರ್."

"ನನ್ನ ಮಗಳು ಬರ್ದಿದ್ದು ನಂದಲ್ವಾ?"

"ಅವಳ ಹಲ್ಲುನೋವು ನಿಮ್ದಾ? ಇದೂ ಹಾಗೇ."

"ನಿಮ್ಗೆ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು."

"ಇಬ್ರಿದಾರೆ. ಅವರೂ ನನ್ನ ಮೇಲೆ ಹೀಗೇ ಕೂಗಾಡ್ತಾರೆ."

ಅವನು ಇನ್ನಷ್ಟು ಬಾಗಿದ. "ದೂರು ಕೊಡ್ತೀನಿ. ನಾಳೆ ಈ ಕುರ್ಚಿ ಇರಲ್ಲ ನಿಮ್ಗೆ."

ಆಕೆ ದೂರಿನ ಹಾಳೆ ತೆಗೆದು, ಅದರ ಮೇಲೆ ಪೆನ್ನಿಟ್ಟರು.

"ಬರೀರಿ. ಒಂದು ಪ್ರತಿ ಮಗು ತಾಯಿಗೂ ಹೋಗುತ್ತೆ. ಸಹಿ ಹಾಕಿದೀರಲ್ಲ."

ಪೆನ್ನು ಎರಡು ಪದ ಬರೆದು ನಿಂತಿತು. ಚಿತ್ರಕ್ಕೆ ಕೈಯೊಡ್ಡಿದ್ದು ತಾಯಿಗೂ, ಅವಳ ವಕೀಲರಿಗೂ ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ. ಹಾಳೆಯನ್ನು ಮುದುರಿ ಜೇಬಿಗೆ ತುರುಕಿದ. "ನಡಿ," ಎಂದ ಮಗಳಿಗೆ.

ಅವಳು ಬಾಗಿಲ ಕಡೆ ಹೋಗಲಿಲ್ಲ. ಬೀರುವಿನ ಹಿಡಿ ಹಿಡಿದು ಒಮ್ಮೆ ಜಗ್ಗಿದಳು. ತೆರೆಯಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಆಮೇಲೆ ಶಾಲೆಯ ಚೀಲದಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದಳು.

"ಆಂಟಿ, ಇದನ್ನೂ ಒಳಗಿಡ್ತೀರಾ?"

ತಂದೆ ಕೈ ಚಾಚಿದ. ಅಷ್ಟರಲ್ಲಿ ಅದು ಬೀಗದಮ್ಮನ ಕೈಯಲ್ಲಿತ್ತು. ಆಕೆ ಅದರ ಮಡಿಕೆ ಬಿಚ್ಚದೆ ಒಳಗಿಟ್ಟು, ಕೀಲಿ ತಿರುಗಿಸಿದರು.