ಗದ್ದೆಮ್ಮಕ್ಕ ಬಡಿದ ರೊಟ್ಟಿ

ಆನಂದ ಪಾಸ್ಟರ್ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆರು ವರ್ಷವಾಯಿತು. ಎದುರು ಸಿಕ್ಕರೆ ವಂದನೆ ಹೇಳುತ್ತೇನೆ, ಮುಖ ನೋಡುವುದಿಲ್ಲ. ಗರ್ಭ ತೆಗೆಸುವುದು ಪಾಪ ಅಂತ ಅವರು ಚರ್ಚಿನಲ್ಲಿ ಹೇಳಿದ್ದಕ್ಕಲ್ಲ. ಅದು ಪಾಪವೇ, ನಾನೂ ಹಾಗೇ ನಂಬಿದವನು. ಯಾರ ಕಡೆ ಮುಖ ಮಾಡಿ ಹೇಳಿದರು, ಅದಕ್ಕೆ ಸಿಟ್ಟು.

ನನ್ನ ಅಕ್ಕ ಗದ್ದೆಮ್ಮ ಹುಟ್ಟಿದ್ದು ದೇವದುರ್ಗದ ಕಡೆ ಮಸರಕಲ್‌ನಲ್ಲಿ. ಕೊಟ್ಟಿದ್ದು ಪೋತ್ನಾಳದ ಮುದುಕಪ್ಪನಿಗೆ. ನಮ್ಮಪ್ಪನ ಕಾಲಕ್ಕೇ ನಾವು ಕ್ರೈಸ್ತರಾದೆವು, ಹೆಸರು ಮಾತ್ರ ಹಳೆಯವೇ ಉಳಿದವು. ಅಕ್ಕ ಶಾಲೆ ಕಂಡವಳಲ್ಲ. ಭತ್ತದ ನಾಟಿಯಲ್ಲಿ ಎಲ್ಲರಿಗಿಂತ ಮುಂದೆ, ನಾಲಿಗೆಯೂ ಮುಂದೆ. ಪ್ರಾರ್ಥನೆಯಲ್ಲಿ ಗಂಡ ತೂಕಡಿಸಿದರೆ, "ಪರಲೋಕಕ್ಕ ಹೋದ್ರೂ ಮದ್ಲು ಚಾಪಿ ಎಲ್ಲ್ಯದ ಅಂತ ಕೇಳತಾನ ಈ ಮನಷ್ಯಾ" ಅಂತ ಎಲ್ಲರ ಮುಂದೆ ಅಂದುಬಿಡುವಳು.

ಪೋತ್ನಾಳದ ನಮ್ಮ ತಗಡಿನ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಅದಕ್ಕೆ ಬೇಕರಿ ಬ್ರೆಡ್ ತರುತ್ತಿರಲಿಲ್ಲ. ಅಕ್ಕನೇ ಉಪ್ಪು ಹಾಕದೆ ಒಂದು ಜೋಳದ ರೊಟ್ಟಿ ಬಡಿದು, ಬಿಳಿ ಅರಿವೆಯಲ್ಲಿ ಸುತ್ತಿ ತರುವಳು. ಪಾಸ್ಟರ್ ಅದನ್ನೇ ಮುರಿದು ಎಲ್ಲರಿಗೂ ಕೊಡುವುದು. ಮುರಿಯುವ ಮುಂಚೆ ಇನ್ನೊಂದು ಪದ್ಧತಿ ಇತ್ತು. ತಪ್ಪು ಮಾಡಿದವರು ಎದ್ದು ಹೋಗಿ, ನೊಂದವರ ಕೈ ಹಿಡಿದು "ತಪ್ಪಾಯ್ತು" ಅನ್ನಬೇಕು. ಮನಸ್ತಾಪ ಇಟ್ಟುಕೊಂಡು ರೊಟ್ಟಿ ಮುಟ್ಟಬಾರದು.

ಪಾಸ್ಟರ್ ಹಾಗೆ ಹೇಳಿದ ಭಾನುವಾರಕ್ಕಿಂತ ಹನ್ನೆರಡು ವರ್ಷ ಹಿಂದಿನ ಮಾತು ಈಗ ಹೇಳಬೇಕು. ಮೂರು ಹೆಣ್ಣಾದ ಮೇಲೆ ಅಕ್ಕ ಮತ್ತೆ ಬಸುರಾದಳು. ಇದೂ ಹೆಣ್ಣೇ ಅಂತ ಮುದುಕಪ್ಪನಿಗೆ ಯಾರೋ ಗುಟ್ಟಾಗಿ ಹೇಳಿದ್ದರು. ತೆಗೆಸಲು ರಾಯಚೂರಿನ ಒಂದು ದವಾಖಾನೆಗೆ ಹೊರಟರು. ಗಾಡಿ ನನ್ನದು, ಆಗ ನಾನು ಮಾನ್ವಿಯಲ್ಲಿ ಟಂಟಂ ಓಡಿಸುತ್ತಿದ್ದೆ.

ಮಾನ್ವಿ ದಾಟಿದ ಮೇಲೆ ಅಕ್ಕ ಹಿಂದಿನಿಂದ ನನ್ನ ಹೆಗಲು ಮುಟ್ಟಿದಳು. "ತಮ್ಮಾ, ಗಾಡಿ ತಿರುಗಸೋ. ನಾ ಸಾಕ್ತೀನಿ ಇದನ್ನ."

ಮುದುಕಪ್ಪ ಗದ್ದೆ ನೋಡುತ್ತ ಕೂತಿದ್ದ. ನಾನೇ ಬಾಯಿ ಮಾಡಿದೆ. "ಸುಮ್ಮ ಕೂಡಬೇ! ಮೂರಕ್ಕ ಕೂಳು ಹಾಕಾಕ ಆಗವಲ್ದು, ನಾಕನೇದಕ್ಕ ಏನ್ ಮಣ್ಣು ತಿನ್ನಸ್ತಿ?"

ಅವಳು ಕೈ ತೆಗೆದಳು. ದವಾಖಾನೆ ಎದುರಿನ ಅಂಗಡಿಯಲ್ಲಿ ನಾನು ಎರಡು ಚಹಾ ಕುಡಿದೆ.

ಇನ್ನು ಆರು ವರ್ಷದ ಹಿಂದಿನ ಆ ಭಾನುವಾರ. ಆನಂದ ಪಾಸ್ಟರ್ ರಾಯಚೂರಿನಿಂದ ಹೊಸದಾಗಿ ಬಂದ ಹುಡುಗ, ದೊಡ್ಡ ದನಿ. ಹೆಂಗಸರ ಚಾಪೆ ಕಡೆ ಬೆರಳು ಮಾಡಿ, "ಹೊಟ್ಟೆಯಲ್ಲಿರೋ ಕೂಸನ್ನ ತೆಗೆಸಿ ಬಂದ ಕೈಯಿಂದ ಈ ರೊಟ್ಟಿ ಮುಟ್ಟಬೇಡಿ, ತಾಯಂದಿರೇ" ಅಂದರು. ಗಂಡಸರ ಚಾಪೆಯಿಂದ ಎಲ್ಲರಿಗಿಂತ ಜೋರಾಗಿ "ಆಮೆನ್" ಅಂದವನು ನಾನು. ಅಭ್ಯಾಸ. ಅಂದ ಮೇಲೆ ನೆನಪಾಯಿತು.

ತಾನೇ ಬಡಿದು ತಂದ ರೊಟ್ಟಿಯನ್ನು ಅಕ್ಕ ಅವತ್ತು ತಿನ್ನಲಿಲ್ಲ. ಮುಂದಿನ ತಿಂಗಳು ರೊಟ್ಟಿಯೂ ಬರಲಿಲ್ಲ, ಅವಳೂ ಬರಲಿಲ್ಲ.

ನಾನು ಪಾಸ್ಟರ್ ಮನೆಗೆ ಹೋಗಿ ಜಗಳ ತೆಗೆದೆ. "ಯಾರ ಮನ್ಯಾಗ ಏನಾಗ್ಯದ ಅಂತ ಕೇಳಿ ಮಾತಾಡಬೇಕ್ರೀ ಅಯ್ಯನೋರ! ಆಕಿ ಒಬ್ಬಾಕಿನ ನಡಕೋಂತ ಹೋಗಿದ್ದಳೇನ್ರೀ ದವಾಖಾನಿಗಿ?"

ಎಲ್ಲಾ ಕೇಳಿ ಅವರು ಮೆಲ್ಲಗೆ ಅಂದರು, "ಇದನ್ನ ಹೇಳದೆ ಬಿಡೋಕಾಗಲ್ಲ ನನಗೆ. ಹೇಳಿದ ರೀತಿ ತಪ್ಪು, ಒಪ್ಪತೀನಿ. ಅವತ್ತು ಗಾಡಿ ಓಡಿಸಿದ್ದು ಯಾರು?"

ನಾನು ಎದ್ದು ಬಾಗಿಲು ಬಡಿದು ಬಂದೆ.

ಆಮೇಲೆ ಅವರೇ ಅಕ್ಕನ ಮನೆಗೆ ಹೋಗಿ ನೆಲದ ಮೇಲೆ ಕೂತು ತಪ್ಪಾಯ್ತು ಅಂದರಂತೆ. ಅಕ್ಕ, "ಹೇಳಬ್ಯಾಡ್ರಿ ಅನ್ನಂಗಿಲ್ಲ. ನನ್ನ ಕೂಸು ಅದು, ಪಾಪ ಅನ್ನೋದು ನನಗ ಗೊತ್ತಿಲ್ಲೇನು? ಗಂಡಸರ ಕಡಿ ತಿರುಗಿ ಒಮ್ಮಿ ಹೇಳ್ರಿ" ಅಂದಳಂತೆ.

ಹೇಳಿದರು. ಆ ದಿನ ಅಕ್ಕನೂ ಚರ್ಚಿಗೆ ಬಂದಿದ್ದಳು. ಈ ಸಲ ಪಾಸ್ಟರ್ ದನಿ ಸಣ್ಣದು. ಇಬ್ಬರು ಗಂಡಸರು ಚರ್ಚು ಬಿಟ್ಟರು. ಮುದುಕಪ್ಪ ಮಾತ್ರ ಎದ್ದು ಹೆಂಗಸರ ಚಾಪೆಗೆ ಹೋಗಿ ಹೆಂಡತಿಯ ಕೈ ಹಿಡಿದ. ನಾನು ನನ್ನ ಮೊಣಕಾಲು ನೋಡುತ್ತ ಕೂತೆ.

ಅಲ್ಲಿಂದ ಅಕ್ಕ ಮತ್ತೆ ರೊಟ್ಟಿ ತರಹತ್ತಿದಳು. ತಂದು ಇಡುವಳು, ತಿನ್ನುವುದಿಲ್ಲ. ನಾನು ಪ್ರತಿ ತಿಂಗಳೂ ತಿನ್ನುತ್ತಿದ್ದೆ. ಒಮ್ಮೆ ಕೇಳಿದೆ, "ಇನ್ನೂ ಯಾಕ ಮುಟ್ಟಂಗಿಲ್ಲಕ್ಕಾ? ಪಾಸ್ಟರ್ ಮ್ಯಾಲ ಸಿಟ್ಟೇನು?"

"ಆ ಹುಡುಗ ಎಂದೋ ಬಂದು ತಪ್ಪಾಯ್ತು ಅಂದು ಹೋದ" ಅಂತ ನಕ್ಕಳು. "ಇನ್ನೊಬ್ರು ಬರೋದದ. ಕಾಯಾಕತ್ತೀನಿ."

ನನಗೆ ಗೊತ್ತಾಯಿತು. ಗಾಡಿಗೆ ಡೀಸೆಲ್ ಹಾಕಿಸಬೇಕು ಅಂತ ಎದ್ದೆ.

ಹೋದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಸಂಜೆ ಎದೆನೋವು ಅಂದಳಂತೆ, ನಾನು ಮಾನ್ವಿಯಿಂದ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಈಗ ಬೇಕರಿ ಬ್ರೆಡ್ ಬರುತ್ತದೆ. ಕೈ ಹಿಡಿಯುವ ಹೊತ್ತಿಗೆ ಎಲ್ಲರೂ ಏಳುತ್ತಾರೆ, ನಾನು ಏಳುವುದಿಲ್ಲ. ಬ್ರೆಡ್ ನನ್ನ ಮುಂದೆ ಬಂದರೆ ಪಕ್ಕದವನಿಗೆ ದಾಟಿಸುತ್ತೇನೆ. ಸಾಯುವ ತನಕ ಅವಳು ಕಾದ ಮಾತು ಒಂದೇ. ನಾನು ಕೊಡಲಿಲ್ಲ.