ಅತ್ತೆಯ ಅಳುವಿಗೊಂದು ಲ್ಯಾಪ್‌ಟಾಪ್

ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ನನ್ನ ಸೋದರತ್ತೆ ಬೆಳಕವಾಡಿ ಸುತ್ತಿನಲ್ಲೆಲ್ಲ ಹೆಸರಾದವಳು. ನಮ್ಮ ಕಡೆಯ ಹೆಂಗಸರು ಬರಿದೇ ಕಣ್ಣೀರು ಹಾಕಿ ಎದ್ದು ಹೋಗುವವರಲ್ಲ. ಸತ್ತವರನ್ನು ಹೆಸರು ಹಿಡಿದು ಕರೆದು, ಅವರು ಬಾಳಿದ ಬಾಳನ್ನೆಲ್ಲ ರಾಗದಲ್ಲಿ ಹೇಳಿಕೊಂಡು ಅಳುತ್ತಾರೆ. ಒಬ್ಬಳು ಮಾತು ಕಟ್ಟಿದರೆ ಉಳಿದವರು ಅವಳ ಕೊರಳು ತಬ್ಬಿ ಜೊತೆಗೆ ಅಳುತ್ತಾರೆ. ಸತ್ತವನ ಒಳ್ಳೆಯತನ ಮಾತ್ರವಲ್ಲ, ಅವನಿಗೆ ಯಾರು ಏನು ಮಾಡಿದರು ಎಂಬುದೂ ಅದರಲ್ಲಿ ಬರುತ್ತದೆ. ಪಾಲಿನಲ್ಲಿ ಮೋಸ ಮಾಡಿದ ತಮ್ಮ, ಕಾಯಿಲೆ ಬಿದ್ದಾಗ ಇಣುಕಿಯೂ ನೋಡದ ಸೊಸೆ, ಎಲ್ಲರೂ ತಲೆ ತಗ್ಗಿಸಿ ಕೂತು ಕೇಳಬೇಕು. ಅಳುವಾಗ ಆಡಿದ ಮಾತಿಗೆ ಆಮೇಲೆ ಯಾರೂ ಜಗಳ ತೆಗೆಯುವ ಹಾಗಿಲ್ಲ.

ನನ್ನಪ್ಪ ತೀರಿಕೊಂಡಾಗ ಅತ್ತೆ ತನ್ನಣ್ಣನನ್ನು ಕರೆದು ಅತ್ತಳು. ಅಪ್ಪ ಚಿಕ್ಕಂದಿನಲ್ಲಿ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನಾಲೆ ದಾಟಿಸಿದ್ದು, ಓದುವ ಆಸೆಯನ್ನು ನುಂಗಿಕೊಂಡು ಎತ್ತಿನ ಹಿಂದೆ ಹೋದದ್ದು, ಒಂದೂ ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ಒಂದೇ ಮನೆಯಲ್ಲಿ ಬದುಕಿದ್ದೆವು. ಅಪ್ಪ ಎಂಥವರಾಗಿದ್ದರು ಎಂದು ನನಗೆ ತಿಳಿದದ್ದು ಅವರ ಹೆಣದ ಪಕ್ಕದಲ್ಲಿ ಕೂತು. ಅದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ತಿಂಗಳಾದ ಮೇಲೆ ಹಾಕಿ ಕೇಳಿದರೆ ಅಳು ಇತ್ತು, ಮಾತು ಇರಲಿಲ್ಲ. ಸುತ್ತಲಿನ ಹೆಂಗಸರ ಗೋಳಿನಲ್ಲಿ ಅತ್ತೆಯ ಒಂದೊಂದು ಪದವೂ ಮುಳುಗಿ ಹೋಗಿತ್ತು.

ನಾಚಿಕೆಯಾಯಿತು. ಯಾಕೆಂದರೆ ಧ್ವನಿ ಹಿಡಿಯುವುದೇ ನನ್ನ ಕಸುಬು. ಮಂಡ್ಯದಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇದೆ. ಶಾಲಾ ವಾರ್ಷಿಕೋತ್ಸವದ ಹಾಡು, ದೇವರ ಹಾಡು, ಚುನಾವಣೆ ಬಂತೆಂದರೆ ಆಟೋ ಮೇಲೆ ಕೂಗುವ ಪ್ರಚಾರ. ಗೆದ್ದವರಿಗೂ ಸೋತವರಿಗೂ ಮತ ಕೇಳಿದ್ದು ಒಂದೇ ಗಂಟಲು, ಅದು ನನ್ನದು. ಇಷ್ಟೆಲ್ಲ ಬೇಡದ್ದನ್ನು ಚೆನ್ನಾಗಿ ಹಿಡಿದಿಟ್ಟವನು ಬೇಕಾದ್ದೊಂದನ್ನು ಕಳೆದುಕೊಂಡಿದ್ದೆ. ಅತ್ತೆಗೆ ಎಪ್ಪತ್ತು ದಾಟಿತ್ತು. ಅವಳ ನಂತರ ಹಾಗೆ ಅಳುವವರು ಯಾರೂ ಇರಲಿಲ್ಲ.

“ಒಂದ್ಸಲ ನನ್ ಮೈಕ್ ಮುಂದೆ ಕೂತ್ಕೊ ಅತ್ತೆ” ಎಂದು ಕೇಳಿದೆ.

“ಬಾಯ್ ಮುಚ್ಲಾ! ಸಾವಿಲ್ದಿರೋ ಮನೇಲಿ ಅಂಗೆ ಅಳ್ತಾರಾ? ಯಾರ್ನ ಕಳಿಸ್ಬೇಕು ಅಂತಿದ್ದೀಯೆ?”

ಎರಡು ವರ್ಷ ಕೇಳಿದೆ, ಎರಡು ವರ್ಷವೂ ಅದೇ ಉತ್ತರ. ನಾನು ಆಸೆ ಬಿಟ್ಟಿದ್ದೆ. ಹೋದ ವರ್ಷ ಪಿತೃಪಕ್ಷಕ್ಕೆ ಹದಿನೈದು ದಿನ ಇರುವಾಗ ಅವಳೇ ಫೋನು ಮಾಡಿದಳು.

“ಪಕ್ಸಕ್ಕೆ ಬಾ. ನಿನ್ ಮಿಸಿನ್ನೂ ತಕಂಡ್ ಬಾ. ನಿಮ್ಮಾವಂಗೆ ಅಳ್ತೀನಿ.”

ಮಾವ ತೀರಿಕೊಂಡದ್ದು ಕೊರೊನಾ ಎರಡನೇ ಸಲ ಬಂದಾಗ, ಮಂಡ್ಯದ ಆಸ್ಪತ್ರೆಯಲ್ಲಿ. ಆಗಿನ ಕಟ್ಟಳೆಯಂತೆ ಅವರನ್ನು ಊರಿಗೆ ತರಲಾಗಲಿಲ್ಲ, ಅಲ್ಲೇ ಸುಟ್ಟರು. ಅವರಿಗೆ ಮಕ್ಕಳಿರಲಿಲ್ಲ, ಮಗನ ಸ್ಥಾನದಲ್ಲಿ ಅಲ್ಲಿದ್ದವನು ನಾನೊಬ್ಬನೇ. ಹೆಣವಿಲ್ಲದ ಮನೆಯಲ್ಲಿ ಅಳುವುದು ಯಾರ ಮುಂದೆ? ಊರಿನವರಿಗೆಲ್ಲ ಅತ್ತ ನನ್ನತ್ತೆ ಸ್ವಂತ ಗಂಡನಿಗೆ ಅಳಲಿಲ್ಲ. ಆ ದಿನದ ಬಗ್ಗೆ ಆಮೇಲೆ ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ.

“ಅಪಸಕುನ ಅಂತಿದ್ದೆ?” ಎಂದೆ ಫೋನಿನಲ್ಲಿ.

“ಇದು ಸಾವಾದ್ ಮನೆನೇ ಅಲ್ವೇನ್ಲಾ? ಅಳು ಉಳ್ಕಂಡದೆ ಅಷ್ಟೇಯ. ಎಡೆ ಇಕ್ಕೋ ದಿನ ಅವರು ಮನೆಗೆ ಬತ್ತಾರಲ್ಲ, ಆಗ ಅತ್ತು ಮುಗಿಸ್ತೀನಿ. ಆದ್ರೆ ಒಂದೇ ಸಲ ಕಣಪ್ಪ. ಸರಿಯಾಗ್ ಬರ್ನಿಲ್ಲ, ಇನ್ನೊಂದ್ಸಲ ಅಂದ್ರೆ ಆಗಕಿಲ್ಲ. ಸತ್ತೋರ್ನ ಎರಡೆರಡು ಸಲ ಸಾಯ್ಸಕ್ಕಾಯ್ತದಾ?”

ಆಯಿತು ಎಂದೆ. ಫೋನಿಟ್ಟ ಮೇಲೆ ನೆನಪಾಯಿತು. ನನ್ನ ಲ್ಯಾಪ್‌ಟಾಪು ಹಿಂದಿನ ವಾರವಷ್ಟೇ ಕಣ್ಣು ಮುಚ್ಚಿತ್ತು.

ಲ್ಯಾಪ್‌ಟಾಪು ಯಾವುದಾದರೇನು, ಹೊಸದೊಂದು ತಂದರಾಯಿತು ಎನ್ನಬಹುದು. ಹಾಗಲ್ಲ. ಮೈಕುಗಳಿಗೂ ಲ್ಯಾಪ್‌ಟಾಪಿಗೂ ನಡುವೆ ಒಂದು ಪೆಟ್ಟಿಗೆ ಬೇಕು, ಧ್ವನಿಯನ್ನು ಒಳಗೆ ಕಳಿಸುವ ಪೆಟ್ಟಿಗೆ. ನನ್ನದಕ್ಕೆ ಎಂಟು ಮೈಕು ಹಾಕಬಹುದು. ಅತ್ತೆಯ ಜೊತೆ ಅಳುವವರು ನಾಲ್ವರು. ಐವರಿಗೂ ಬೇರೆ ಬೇರೆ ಮೈಕು ಇಟ್ಟು ಬೇರೆ ಬೇರೆಯಾಗಿ ಹಿಡಿದರೆ ಮಾತ್ರ ಅವಳ ಮಾತು ಗೋಳಿನಿಂದ ಮೇಲೆ ಬರುತ್ತದೆ. ಆದರೆ ಆ ಪೆಟ್ಟಿಗೆಗೆ ಒಂದು ಹಟ. ಅದು ಥಂಡರ್‌ಬೋಲ್ಟ್ ಎಂಬ ಕಿಂಡಿಯಲ್ಲಿ ಚುಚ್ಚಿದರೆ ಮಾತ್ರ ಮಾತಾಡುತ್ತದೆ. ನೋಡುವುದಕ್ಕೆ ಆ ಕಿಂಡಿ ಈಗಿನ ಫೋನಿಗೆ ಚಾರ್ಜು ಹಾಕುವ ಟೈಪ್-ಸಿ ಕಿಂಡಿಯ ಹಾಗೆಯೇ ಇರುತ್ತದೆ. ಪಕ್ಕದಲ್ಲಿ ಮಿಂಚಿನ ಗುರುತಿದ್ದರೆ ಅದು ಥಂಡರ್‌ಬೋಲ್ಟ್.

ಇಷ್ಟು ತಿಳಿದವನು ನಾನು. ಮಂಡ್ಯದ ಅಂಗಡಿಯೊಂದಕ್ಕೆ ಹೋಗಿ, ಕನ್ನಡಕ ಏರಿಸಿಕೊಂಡು, ಮಿಂಚಿನ ಗುರುತು ನೋಡಿ, ಬೆರಳಿಟ್ಟು ತೋರಿಸಿ ತೆಗೆದುಕೊಂಡೆ. ಅಂಗಡಿಯವನು “ಎಲ್ಲಾ ಕನೆಕ್ಟ್ ಆಯ್ತದೆ ಸಾ” ಎಂದ. ಮನೆಗೆ ತಂದು ಕೇಬಲ್ ಚುಚ್ಚಿದೆ. ಟಕ್ಕೆಂದು ಕೂತಿತು. ಪೆಟ್ಟಿಗೆಯ ಕೆಂಪು ದೀಪ ಕೆಂಪಾಗಿಯೇ ಉಳಿಯಿತು. ಸಂಪರ್ಕ ಸಿಕ್ಕಿದರೆ ಅದು ಹಸಿರಾಗಬೇಕು. ಕೇಬಲ್ ಬದಲಾಯಿಸಿದೆ, ಲ್ಯಾಪ್‌ಟಾಪು ಆರಿಸಿ ಹಾಕಿದೆ, ಬೈದೆ. ಸಂಜೆಯ ಹೊತ್ತಿಗೆ ಭೂತಗನ್ನಡಿ ಹಿಡಿದು ನೋಡಿದಾಗ ಅರ್ಥವಾಯಿತು. ಥಂಡರ್‌ಬೋಲ್ಟಿನ ಮಿಂಚಿಗೆ ಕೆಳತುದಿಯಲ್ಲಿ ಬಾಣದ ಮೊನೆ ಇರುತ್ತದೆ. ಇದಕ್ಕಿರಲಿಲ್ಲ. ಇದು ಫೋನು ಚಾರ್ಜು ಮಾಡಿಕೊಳ್ಳಬಹುದು ಎಂದು ಹೇಳುವ ಬರೀ ಮಿಂಚು. ಇಪ್ಪತ್ತು ವರ್ಷ ಈ ಕೆಲಸ ಮಾಡಿದವನಿಗೆ ಇದಕ್ಕಿಂತ ಅವಮಾನ ಬೇಕಿರಲಿಲ್ಲ. ತೆರೆದ ಡಬ್ಬಿ ವಾಪಸು ತೆಗೆದುಕೊಳ್ಳುವುದಿಲ್ಲ ಎಂದರು. ಅದರಲ್ಲೀಗ ನನ್ನ ಹೆಂಡತಿ ಅಡುಗೆಯ ವಿಡಿಯೋ ನೋಡುತ್ತಾಳೆ, ಚಿತ್ರ ಬಹಳ ಚೆನ್ನಾಗಿ ಬರುತ್ತದಂತೆ.

ಮಾರನೆಯ ದಿನದಿಂದ ಪೆಟ್ಟಿಗೆಯನ್ನೇ ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ಹಾಕಿಕೊಂಡು ತಿರುಗಿದೆ. ಗುರುತನ್ನೂ ನಂಬುವುದಿಲ್ಲ, ಮಾತನ್ನೂ ನಂಬುವುದಿಲ್ಲ, ಚುಚ್ಚಿ ನೋಡಿಯೇ ಕೊಳ್ಳುತ್ತೇನೆ ಎಂದು ಹಟ ಹಿಡಿದೆ. ಮಡಕೆ ಕೊಳ್ಳುವಾಗ ನಮ್ಮಮ್ಮ ಬಡಿದು ನೋಡದೆ ಕೊಂಡವಳಲ್ಲ. ಮೂರು ಅಂಗಡಿಗಳಲ್ಲಿ ಸೀಲ್ ಒಡೆಯುವುದಿಲ್ಲ ಎಂದರು. ನಾಲ್ಕನೆಯವನು ಒಡೆದು ತೋರಿಸಿದ, ಅದರಲ್ಲಿ ದೀಪ ಕೆಂಪಾಗಿಯೇ ಉಳಿಯಿತು. ತರಿಸಿಕೊಡುತ್ತೇವೆ ಎಂದವರು ಮೂರು ವಾರ ಕೇಳಿದರು. ಪಕ್ಷಕ್ಕೆ ಆರು ದಿನ ಉಳಿದಿತ್ತು. ಚಿಕ್ಕ ಪೆಟ್ಟಿಗೆಯೊಂದನ್ನು ತಂದು ಎರಡೇ ಮೈಕಿನಲ್ಲಿ ಮುಗಿಸಿಬಿಡಲೇ ಎಂಬ ಯೋಚನೆಯೂ ಬಂತು. ಅಪ್ಪನ ಸಾವಿನ ದಿನ ಫೋನಿನಲ್ಲಿ ಸಿಕ್ಕಿದ ಆ ಗದ್ದಲ ನೆನಪಾಗಿ ಸುಮ್ಮನಾದೆ.

ಕೊನೆಗೆ ಸಿಕ್ಕಿದ್ದು ಮದ್ದೂರಿನಲ್ಲಿ, ಮದುವೆಯ ವಿಡಿಯೋ ಜೋಡಿಸಿ ಕೊಡುವ ಒಬ್ಬರ ಬಳಿ. ಅವರು ತಮ್ಮ ಹಳೆಯ ಲ್ಯಾಪ್‌ಟಾಪು ಮಾರಬೇಕೆಂದಿದ್ದರು. “ಬಂದು ಚುಚ್ಚಿ ನೋಡಿ ಸಾ, ಆಮ್ಯಾಕ್ ಮಾತು” ಎಂದರು. ಪ್ಯಾಸೆಂಜರ್ ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಹನಕೆರೆಯಲ್ಲಿ ರೈಲು ಯಾಕೋ ಬಹಳ ಹೊತ್ತು ನಿಂತಿತು, ನನಗೆ ಅದರ ಮೇಲೂ ಸಿಟ್ಟು ಬಂತು.

ಅವರ ಲ್ಯಾಪ್‌ಟಾಪಿನ ಮಿಂಚಿಗೆ ಬಾಣದ ಮೊನೆ ಇತ್ತು. ಚುಚ್ಚಿದೆ. ಮತ್ತೆ ಕೆಂಪು. ಪೆಟ್ಟಿಗೆ ಸುತ್ತಲು ಟವೆಲು ಕೈಗೆತ್ತಿಕೊಂಡೆ. ಆತ ಮಾತ್ರ ಸಾವಧಾನವಾಗಿ ಸೆಟ್ಟಿಂಗು ತೆರೆದು ನೋಡಿ, “ಗುರುತಿಲ್ದೋರ್ನ ಒಳಕ್ಕೆ ಬಿಟ್ಕೊಳ್ಳಕಿಲ್ಲ ಸಾ ಇದು, ನಾವೇ ಒಪ್ಗೆ ಕೊಡ್ಬೇಕು” ಎಂದು ಒಂದು ಕಡೆ ಟಿಕ್ ಹಾಕಿದರು. ಲ್ಯಾಪ್‌ಟಾಪು ಆರಿ ಮತ್ತೆ ಹತ್ತಿತು. ದೀಪ ಹಸಿರಾಯಿತು. ನಾನು ಐದು ಮೈಕನ್ನೂ ಹಾಕಿ, ಅವರನ್ನೇ ಮಾತಾಡಿಸಿ, ಅರ್ಧ ಗಂಟೆ ಹಿಡಿದು ನೋಡಿದೆ.

“ಏನ್ ರೆಕಾರ್ಡಿಂಗು ಸಾ, ಸಿನಿಮಾದ್ದಾ?”

“ಅಲ್ಲ. ನಮ್ಮತ್ತೆ ಅಳೋದು.”

ಅವರು ನಗಲಿಲ್ಲ. “ನನ್ನತ್ರ ಮದ್ವೆದು ಸಾವಿರ ಅವೆ ಸಾ. ಸತ್ತೋರ್ದು ಒಂದೂ ಇಲ್ಲ” ಎಂದರು. ಚಾರ್ಜರನ್ನು ಅವರೇ ಸುತ್ತಿ ಕೊಟ್ಟರು.

ಎಡೆ ಇಡುವ ದಿನ ಮಳವಳ್ಳಿಯಲ್ಲಿ ಬಸ್ಸು ಬದಲಿಸಿ, ಬೆಳಗ್ಗೆ ಒಂಬತ್ತಕ್ಕೆಲ್ಲ ಅತ್ತೆಯ ಮನೆ ಸೇರಿದೆ. ಹಜಾರದಲ್ಲಿ ಮಣೆ ಹಾಕಿ, ಅದರ ಮೇಲೆ ಮಾವನ ಪಂಚೆ, ಶರಟು ಮಡಿಸಿ ಇಟ್ಟಿದ್ದಳು. ಅತ್ತೆಯ ಓರಗಿತ್ತಿ ಮತ್ತು ಅಕ್ಕಪಕ್ಕದ ಮನೆಯ ಮೂವರು ಹೆಂಗಸರು ಆಗಲೇ ಬಂದು ಕೂತಿದ್ದರು. ಕರೆಂಟು ಹೋದರೂ ನಿಲ್ಲದಿರಲೆಂದು ಯುಪಿಎಸ್ ಇಟ್ಟೆ, ಫ್ಯಾನು ಆರಿಸಿದೆ, ಐದು ಮೈಕು ನಿಲ್ಲಿಸಿದೆ. ಅತ್ತೆ ತನ್ನ ಮೈಕನ್ನು ಮೇಲಿಂದ ಕೆಳಗೆ ನೋಡಿ, “ಇದುಕ್ಕೂ ಒಂದು ಎಲೆ ಆಕ್ಬೇಕೇನ್ಲಾ?” ಎಂದಳು. ಎಲ್ಲರೂ ನಕ್ಕರು. ದೀಪ ಹಸಿರಾಗಿತ್ತು. ನಾನು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮೂಲೆಯಲ್ಲಿ ಕೂತೆ.

ಅತ್ತೆ ಸೆರಗನ್ನು ತಲೆಗೆ ಹೊದ್ದು, ಪಂಚೆಯ ಮೇಲೆ ಕೈಯಿಟ್ಟು, ಶುರು ಮಾಡಿದಳು.

“ಎದ್ ಬಾರೋ ನನ್ ದೊರೆಯೇ, ಮನೆದಾರಿ ಮರೆತ್ಯೇನೋ... ಆಲೆಮನೆ ಒಲೆ ಮುಂದೆ ಮೈಯ ಸುಟ್ಕೊಂಡೋನೇ, ಬಿಸಿಬೆಲ್ಲ ಎಲೇಲಿ ಮಡಗಿ ನಂಗೆ ತಂದೋನೇ... ಬಂಜೆ ಅಂದೋರ ಮುಂದೆ ನನ್ ಕೈಯ ಇಡ್ಕೊಂಡೋನೇ...”

ಓರಗಿತ್ತಿ ಅವಳ ಕೊರಳು ತಬ್ಬಿದಳು. ಉಳಿದವರ ಗೋಳು ಎದ್ದಿತು. ನನ್ನ ಕಿವಿಯಲ್ಲಿ ಮಾತ್ರ ಅತ್ತೆಯ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತಿತ್ತು, ಉಸಿರು ಎಳೆದುಕೊಳ್ಳುವುದು ಕೂಡ. ಹಿಡಿದೆ, ಈ ಸಲ ಹಿಡಿದೆ ಎಂದು ಹಿಗ್ಗಿದೆ. ಸಾವಿನ ಹಾಡು ಕೇಳುತ್ತ ಹಿಗ್ಗಿದವನು ನಾನು, ಅದನ್ನೂ ಹೇಳಿಬಿಡಬೇಕು.

ಆಗ ಅವಳು ಧ್ವನಿ ತಗ್ಗಿಸಿದಳು.

“ಎತ್ತಿ ಆಡ್ಸಿದ್ ಮಗನೇ ಉಸಾರಾಗವ್ರೆ ಅಂದ್ನಲ್ಲೋ... ಸಂಜೀಕೆ ಬೂದಿ ಆದ್ರು ಅಂತ ಅವನೇ ಅಂದ್ನಲ್ಲೋ... ನೀ ಬತ್ತೀಯ ಅಂತ ಬಾಗ್ಲು ಸಾರ್ಸಿ, ಮೀಯಕ್ಕೆ ನೀರು ಕಾಯ್ಸಿ ಕೂತಿದ್ನಲ್ಲೋ ನನ್ ದೊರೆಯೇ...”

ಆ ದಿನ ಬೆಳಗ್ಗೆ ಎಂಟಕ್ಕೆ ಮಾವ ಹೋದರು ಎಂದು ಆಸ್ಪತ್ರೆಯವರು ನನಗೆ ತಿಳಿಸಿದ್ದರು. ಒಂಬತ್ತಕ್ಕೆ ಅತ್ತೆಯ ಫೋನು ಬಂತು. “ಎಂಗವ್ರ್ಲಾ?” ಎಂದಳು. “ಉಸಾರಾಗವ್ರೆ ಅತ್ತೆ, ಇವತ್ತೋ ನಾಳೆಯೋ ಕಳಿಸ್ತಾರೆ” ಎಂದೆ. ಬಸ್ಸುಗಳಿರಲಿಲ್ಲ, ಹೇಳಿದರೆ ನಡೆದೇ ಹೊರಡುತ್ತಾಳೆ, ಬಂದರೂ ಬಾಗಿಲಲ್ಲೇ ತಡೆಯುತ್ತಾರೆ ಎಂದುಕೊಂಡೆ. ಅವಳಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಎಲ್ಲ ಮುಗಿದ ಮೇಲೆ ಸಂಜೆ ನಿಜ ಹೇಳಿದೆ. ಅವಳು ನೀರು ಕಾಯಿಸಿ ಕೂತಿದ್ದಳೆಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಹೆಡ್‌ಫೋನು ತೆಗೆಯಬೇಕೆನಿಸಿತು, ತೆಗೆಯಲಿಲ್ಲ. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಕಾಲು ಗಂಟೆ ಅತ್ತು, ತಾನಾಗಿ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

“ಬಂತೇನ್ಲಾ?”

“ಬಂತು ಅತ್ತೆ. ಎಲ್ಲಾ ಬಂತು.”

ಹೆಂಗಸರು ಅಡುಗೆಮನೆಗೆ ಹೋದರು. ನಾನು ಕೇಬಲ್ ಸುತ್ತುವ ನೆಪದಲ್ಲಿ ಅಲ್ಲೇ ಉಳಿದೆ. ಲ್ಯಾಪ್‌ಟಾಪಿನಲ್ಲಿ ಅವಳ ಧ್ವನಿ ಬೇರೆಯಾಗಿಯೇ ಇತ್ತು. ಆ ಮೂರು ಸಾಲನ್ನು ಕತ್ತರಿಸಿದರೆ ಯಾರಿಗೂ ತಿಳಿಯುವುದಿಲ್ಲ. ನನ್ನ ಕಸುಬಿನಲ್ಲಿ ಅದು ಎರಡು ನಿಮಿಷದ ಕೆಲಸ.

“ತಪ್ಪಾಯ್ತು ಅತ್ತೆ” ಎಂದೆ. “ಅವತ್ತು ನಿನ್ಗೆ ಸುಳ್ಳು ಹೇಳ್ಬಾರ್ದಾಗಿತ್ತು. ಆ ಮಾತು ಕೇಳ್ದೋರು ನನ್ನ ಏನಂದ್ಕೋತಾರೋ.”

“ಆ ಮಾತ ನಿಂಗ್ಯಾಕ್ಲಾ ಯೋಳ್ಳಿ? ನಿನ್ನ ಬಯ್ಯಬೇಕು ಅಂದಿದ್ರೆ ಅವತ್ತೇ ಬಯ್ತಿರ್ನಿಲ್ವಾ?” ಎಂದಳು. ಪಂಚೆಯ ಮಡಿಕೆಯನ್ನು ಸರಿಮಾಡಿ ಮತ್ತೆ ಮಣೆಯ ಮೇಲಿಟ್ಟಳು. “ಸುಡಕ್ಕೆ ಮುಂಚೇನೂ ಬಂದು ಮಕ ನೋಡ್ನಿಲ್ವಲ್ಲ ಇವ್ಳು ಅಂತ ಅಂದ್ಕಂಡೇ ಓಗಿರ್ತಾರೆ ಕಣ್ಲಾ. ನಾನ್ಯಾಕ್ ಬರ್ನಿಲ್ಲ ಅಂತ ಅವರಿಗೆ ಯಾರ್ ಯೋಳ್ತಾರೆ?”